ಬೂಷ್ಟಿನ ಬಣ್ಣ ಮತ್ತು ಕಪ್ಪುಹಲಗೆಯ ಒಂದು ತಪ್ಪು ವಾಕ್ಯ

ಅಭ್ಯಾಸ ಬೋಧನೆಯ ಮೂರನೇ ವಾರ ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುತ್ತಿದ್ದೆ. ಪೀಠಿಕೆಗೆ ಗೋಬಿ ಮಂಚೂರಿಯನ್ನು ಆರಿಸಿಕೊಂಡಿದ್ದೆ. ಗೋಬಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ನಿಷೇಧಿಸಿದ್ದು ಮಕ್ಕಳಿಗೆ ಗೊತ್ತಿತ್ತು. ರೋಡಮೈನ್-ಬಿ ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ, ತಿನ್ನುವುದಕ್ಕಲ್ಲ ಎಂದು ಹೇಳಿ, "ಹಾಗಾದರೆ ಕೆಂಪು ಬಣ್ಣ ಎಲ್ಲಿಂದ ತರೋಣ?" ಎಂದೆ. ಬೀಟ್‌ರೂಟ್, ದಾಳಿಂಬೆ, ಟೊಮೆಟೊ ಬಂದವು. ಬೂಷ್ಟು ಎಂದು ಯಾರೂ ಹೇಳಲಿಲ್ಲ. ಅದೇ ನನಗೆ ಬೇಕಿತ್ತು. ಉತ್ಸಾಹದಲ್ಲಿ ಹಲಗೆಯ ಮೇಲೆ ಬರೆದೆ: 'ಶಿಲೀಂಧ್ರದ ಬಣ್ಣ ನೈಸರ್ಗಿಕ, ಆದ್ದರಿಂದ ಅಪಾಯವಿಲ್ಲ.'

ಒಬ್ಬ ಹುಡುಗಿ ಎದ್ದು ನಿಂತಳು. "ಮಿಸ್, ನಮ್ಮನೇಲಿ ಹಳೇ ಬ್ರೆಡ್ ಮೇಲೆ ಹಸಿರು ಬೂಷ್ಟು ಬಂದಿದೆ. ಅರೆದು ಪಾಯಸಕ್ಕೆ ಹಾಕಬಹುದಾ?" ತರಗತಿ ನಕ್ಕಿತು. ಬೇಡ ಎಂದೆ; ಏಕೆ ಎಂದು ಹೇಳಲಾಗಲಿಲ್ಲ. ನನ್ನ ವಾಕ್ಯದ ಪ್ರಕಾರ ಹಾಕಬಹುದಿತ್ತು! ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ 'ಆದ್ದರಿಂದ' ಎಂಬ ಒಂದೇ ಪದ ಬರೆದು ಅದರ ಸುತ್ತ ಗೆರೆ ಎಳೆದಿದ್ದರು.

ಮರುದಿನದ ಪಾಠವನ್ನು ಒಂದೇ ಶಿಲೀಂಧ್ರದ ಮೇಲೆ ನಿಲ್ಲಿಸಿದೆ: ಮೊನಾಸ್ಕಸ್ ಪರ್ಪ್ಯೂರಿಯಸ್. ಚೀನಾದಲ್ಲಿ ಶತಮಾನಗಳಿಂದ ಇದರಿಂದ ಕೆಂಪಕ್ಕಿ ಮಾಡುತ್ತಾರೆ. (ನಮ್ಮ ಕರಾವಳಿಯ ಕೆಂಪಕ್ಕಿ ಬೇರೆ, ಅದರ ಕೆಂಪು ಅಕ್ಕಿಯ ಹೊರಪದರದ್ದು.) ಅಕ್ಕಿಯನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಆರಿಸಿ, ಶಿಲೀಂಧ್ರ ಬೆರೆಸಿ ಬೆಚ್ಚಗೆ ತೇವವಾಗಿ ಇಡುತ್ತಾರೆ. ಕೆಲವು ದಿನಗಳಲ್ಲಿ ಕಾಳಿನ ಒಳಗೂ ಕೆಂಪೇರುತ್ತದೆ. ಶಿಲೀಂಧ್ರ ಮೊದಲು ತಯಾರಿಸುವುದು ಹಳದಿ ಮತ್ತು ಕಿತ್ತಳೆ ವರ್ಣಕಗಳನ್ನು. ಕಿತ್ತಳೆ ವರ್ಣಕ ಅಮೈನೋ ಆಮ್ಲದಂಥ ವಸ್ತುಗಳೊಡನೆ ಸೇರಿದಾಗ ಕೆಂಪಾಗುತ್ತದೆ. ಹಾಗಾಗಿ ಶಿಲೀಂಧ್ರಕ್ಕೆ ಕೊಡುವ ಸಾರಜನಕದ ಆಹಾರ ಬದಲಿಸಿದರೆ ಬಣ್ಣದ ಛಾಯೆಯೂ ಬದಲಾಗುತ್ತದೆ. ಇಲ್ಲಿ ಮಕ್ಕಳು ನಿಜವಾಗಿ ಕಿವಿಗೊಟ್ಟರು. ಇದನ್ನೇ ದೊಡ್ಡ ತೊಟ್ಟಿಗಳಲ್ಲೂ ಬೆಳೆಸಬಹುದು; ಮಳೆಗಾಲ, ಹೊಲ, ಫಸಲು ಎಂದು ಕಾಯಬೇಕಿಲ್ಲ. ಗಿಡದ ಬಣ್ಣಕ್ಕಿಂತ ಇದಕ್ಕಿರುವ ಅನುಕೂಲ ಇದೇ.

ಆಮೇಲೆ 'ಆದ್ದರಿಂದ'ದ ವಿಚಾರ. ಇದೇ ಶಿಲೀಂಧ್ರದಲ್ಲಿ ಬ್ಯಾಕ್ಟೀರಿಯಗಳನ್ನು ತಡೆಯುವ ಒಂದು ವಸ್ತುವಿದೆ ಎಂದು ಕಂಡು, ಅದನ್ನು ಮೊನಾಸ್ಕಿಡಿನ್-ಎ ಎಂದು ಕರೆದಿದ್ದರು. ಅದು ಮೂತ್ರಪಿಂಡಕ್ಕೆ ಹಾನಿ ಮಾಡುವ ಸಿಟ್ರಿನಿನ್ ಎಂಬ ವಿಷವೇ ಎಂದು 1995ರಲ್ಲಿ ತಿಳಿಯಿತು. ಬಣ್ಣವನ್ನೂ ವಿಷವನ್ನೂ ಮಾಡುವುದು ಒಂದೇ ಜೀವಿ, ಎರಡೂ ನೈಸರ್ಗಿಕ. ಆದ್ದರಿಂದಲೇ ಸಿಟ್ರಿನಿನ್ ಮಾಡದ ಅಥವಾ ತೀರ ಕಡಿಮೆ ಮಾಡುವ ತಳಿ ಆರಿಸಬೇಕು, ಬಣ್ಣವನ್ನು ಬೇರ್ಪಡಿಸಬೇಕು, ಪರೀಕ್ಷಿಸಬೇಕು. ಬ್ರೆಡ್ಡಿನ ಮೇಲೆ ಬಂದು ಕೂತ ಬೂಷ್ಟು ಯಾವ ಜಾತಿಯದೋ, ಏನೇನು ತಯಾರಿಸಿದೆಯೋ, ನೋಡಿ ಹೇಳಲು ಬರುವುದಿಲ್ಲ. ಹುಡುಗಿಗೆ ಉತ್ತರ ಸಿಕ್ಕಿತು, ಒಂದು ದಿನ ತಡವಾಗಿ. ಬ್ಲೇಕೆಸ್ಲಿಯ ಟ್ರೈಸ್ಪೋರ ಎಂಬ ಶಿಲೀಂಧ್ರದಿಂದ ಪಡೆದ ಬೀಟಾ ಕೆರೋಟಿನ್‌ಗೆ ಯುರೋಪಿನಲ್ಲಿ ಆಹಾರದ ಬಣ್ಣವಾಗಿ ಅನುಮತಿ ಸಿಕ್ಕಿದ್ದೂ ಇಂಥ ಪರಿಶೀಲನೆಯ ನಂತರವೇ.

ಚಟುವಟಿಕೆಗಾಗಿ ತರಗತಿಯಲ್ಲಿ ಬೂಷ್ಟು ಬೆಳೆಸಬೇಡಿ ಎಂದು ಸಹಪ್ರಶಿಕ್ಷಣಾರ್ಥಿಗಳಲ್ಲಿ ಕೇಳಿಕೊಳ್ಳುತ್ತೇನೆ. ಮುಚ್ಚಳ ತೆಗೆದರೆ ಬೀಜಕಣಗಳು ಮಕ್ಕಳ ಮೂಗಿಗೆ ಹೋಗುತ್ತವೆ. ನಾನು ಅರಿಸಿನ ಹಚ್ಚಿದ ಕಾಗದಕ್ಕೆ ಸಾಬೂನಿನ ನೀರು ಹಾಕಿ ಕೆಂಪಾಗುವುದನ್ನು ತೋರಿಸಿದೆ. ಆಮ್ಲ, ಪ್ರತ್ಯಾಮ್ಲಕ್ಕೆ ತಕ್ಕಂತೆ ಮೊನಾಸ್ಕಸ್ ಬಣ್ಣದ ಛಾಯೆಯೂ ಬದಲಾಗುತ್ತದೆ, ಬೆಳಕಿಗೆ ಅದು ಮಾಸುತ್ತದೆ ಎಂದು ಅಲ್ಲಿಂದ ಹೇಳುವುದು ಸುಲಭವಾಯಿತು. ಕೃತಕ ಬಣ್ಣ ಇನ್ನೂ ಅಂಗಡಿ ಬಿಟ್ಟು ಹೋಗದಿರಲು ಬೆಲೆಯೊಂದೇ ಅಲ್ಲ, ಇದೂ ಕಾರಣ.

ಮೌಲ್ಯಮಾಪನಕ್ಕೆ ಬ್ರೆಡ್ಡಿನ ಪ್ರಶ್ನೆಯನ್ನೇ ಕೊಟ್ಟೆ. ಹೆಚ್ಚಿನವರು ಸರಿಯಾಗಿ ಬರೆದರು. ಕೆಲವರು ಮಾತ್ರ 'ನೈಸರ್ಗಿಕ, ಆದ್ದರಿಂದ ಅಪಾಯವಿಲ್ಲ' ಎಂದೇ ಬರೆದಿದ್ದರು. ಮೊದಲ ದಿನ ಹಲಗೆಯಿಂದ ಅಂದವಾಗಿ ನಕಲು ಮಾಡಿಕೊಂಡಿದ್ದವರು ಅವರೇ. ಅವರ ನೋಟ್‌ಬುಕ್ಕುಗಳನ್ನು ತರಿಸಿ, ಆ ಸಾಲನ್ನು ಅವರ ಎದುರಿಗೇ ನಾನೇ ಹೊಡೆದುಹಾಕಿದೆ.