ಅಗ್ಗದ ಕಾಫಿಯೂ ಅಂಗಡಿಯ ಲೆಕ್ಕವೂ

ನಮ್ಮ ಮನೆಗಳಲ್ಲಿ ಓದು ಮುಗಿಸಿದ ಮಕ್ಕಳು ಸ್ವಂತ ಉದ್ಯೋಗದ ಮಾತೆತ್ತಿದರೆ ಇಂದು ಮೊದಲಿಗೆ ಕೇಳಿಬರುವ ಹೆಸರುಗಳಲ್ಲಿ ಕಾಫಿ ಅಂಗಡಿಯೂ ಒಂದು. ಹಾಕುವ ಬಂಡವಾಳ ಅಲ್ಪ, ಕುಡಿಯುವವರಿಗೆ ಬರವಿಲ್ಲ, ಅಂದಿನ ದುಡ್ಡು ಅಂದೇ ಕೈಸೇರುತ್ತದೆ ಎಂಬ ನಂಬಿಕೆ ಇದಕ್ಕೆ ಕಾರಣ. ತಾಯಿಯ ಒಡವೆಯನ್ನೋ ತಂದೆಯ ನಿವೃತ್ತಿಯ ಹಣವನ್ನೋ ಕಟ್ಟಡದ ಮುಂಗಡಕ್ಕೆ ಸುರಿದು ಬಾಗಿಲು ತೆರೆಯುತ್ತಾರೆ. ಕೆಲವೇ ತಿಂಗಳಲ್ಲಿ ಅದೇ ಬೀದಿಗೆ ಹತ್ತಾರು ಶಾಖೆಗಳುಳ್ಳ ಸಂಸ್ಥೆಯೊಂದು ಬಂದು, ಇವರಿಗಿಂತ ಕಡಿಮೆ ಬೆಲೆಗೆ ಕಾಫಿ ಕೊಡತೊಡಗಿದರೆ ಆ ಮನೆಯ ಗತಿಯೇನು? ಇದು ಕೇವಲ ವ್ಯಾಪಾರದ ಪ್ರಶ್ನೆಯಲ್ಲ, ಸಂಸಾರದ ಪ್ರಶ್ನೆ. ಆದುದರಿಂದ ಇದರ ಲೆಕ್ಕವನ್ನು ನಾವು ಸ್ವಲ್ಪ ನಿಧಾನವಾಗಿ ನೋಡಬೇಕಾಗಿದೆ.

ಬೆಳೆದು ಬಂದ ದಾರಿ

ಬಾಬಾ ಬುಡನ್ ಅವರು ಹದಿನೇಳನೆಯ ಶತಮಾನದಲ್ಲಿ ಅರಬ್ ನಾಡಿನಿಂದ ತಂದ ಬೀಜಗಳು ಚಂದ್ರದ್ರೋಣ ಪರ್ವತದಲ್ಲಿ ಬೇರೂರಿದವೆಂಬುದು ನಾಡಿನ ನಂಬಿಕೆ. ಇಂದು ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದೇ. ಬೆಳೆಗಾರರು ಫಸಲನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕೆಂಬ ಕಟ್ಟುಪಾಡು ಬಹುಕಾಲ ಇತ್ತು. 1990ರ ದಶಕದಲ್ಲಿ ಅದು ಹಂತ ಹಂತವಾಗಿ ಸಡಿಲಗೊಂಡು, 1996ರ ವೇಳೆಗೆ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಸ್ವಾತಂತ್ರ್ಯ ದೊರೆಯಿತು.

ಅಂಗಡಿಗಳ ಕಥೆಯೂ ಹೀಗೆಯೇ ಬದಲಾಗುತ್ತ ಬಂದಿದೆ. ಮಂಡಳಿಯು ತನ್ನ ಕಾಫಿ ಹೌಸ್‌ಗಳನ್ನು ಕೈಬಿಡತೊಡಗಿದಾಗ ನೌಕರರೇ ಎ. ಕೆ. ಗೋಪಾಲನ್ ಅವರ ನೆರವಿನಿಂದ ಸಹಕಾರ ಸಂಘ ಕಟ್ಟಿಕೊಂಡು, 1957ರಿಂದ ಅವುಗಳನ್ನು ತಾವೇ ನಡೆಸಿದರು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಹುಟ್ಟಿದವು. ಮೇಜು ಕುರ್ಚಿಗಳಿಲ್ಲ, ಬಡಿಸುವವರಿಲ್ಲ. ಗಿರಾಕಿ ನಿಂತು ಕುಡಿದು ಹೊರಡುತ್ತಾನೆ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಆರಂಭವಾಗಿ, ಗಂಟೆಗಟ್ಟಲೆ ಕುಳಿತು ಮಾತನಾಡುವ ಜಾಗಕ್ಕೆ ಬೆಲೆ ಕಟ್ಟಿತು. 2012ರಲ್ಲಿ ಟಾಟಾ ಸಂಸ್ಥೆಯ ಜೊತೆಗೂಡಿ ಸ್ಟಾರ್‌ಬಕ್ಸ್ ಭಾರತಕ್ಕೆ ಬಂದಿತು.

ಒಂದು ಲೋಟದ ಲೆಕ್ಕ

ಈಗ ಒಂದು ಚಿಕ್ಕ ಅಂಗಡಿಯನ್ನು ಉದಾಹರಣೆಗೆಂದು ಇಟ್ಟುಕೊಳ್ಳೋಣ. ಲೋಟ ಕಾಫಿಗೆ 20 ರೂಪಾಯಿ. ಪುಡಿ, ಹಾಲು, ಸಕ್ಕರೆಗೆ 13 ರೂಪಾಯಿ ತಗಲುತ್ತದೆಂದು ಹಿಡಿದರೆ, ಉಳಿಯುವುದು 7 ರೂಪಾಯಿ. ತಿಂಗಳ ಬಾಡಿಗೆ 35,000, ಇಬ್ಬರು ಕೆಲಸಗಾರರಿಗೆ 36,000, ಅನಿಲ, ವಿದ್ಯುತ್ತು, ನೀರಿಗೆ 13,000. ಒಟ್ಟು 84,000 ರೂಪಾಯಿ. ಇದನ್ನು ತುಂಬಲು ತಿಂಗಳಿಗೆ 12,000 ಲೋಟ, ಅಂದರೆ ದಿನಕ್ಕೆ 400 ಲೋಟ ಕಾಫಿ ಮಾರಬೇಕು. ಇಷ್ಟಾದರೂ ಯಜಮಾನನ ಕೈಗೆ ಒಂದು ಪೈಸೆಯೂ ಉಳಿದಿರುವುದಿಲ್ಲ. ಆತನ ಮನೆಯ ಖರ್ಚು ನಡೆಯುವುದು ಆ ಮೇಲಿನ ಲೋಟಗಳಿಂದಲೇ.

ಎದುರಿನ ಶಾಖಾ ಮಳಿಗೆಯವರು 17 ರೂಪಾಯಿಗೆ ಕೊಡುತ್ತಾರೆಂದು ಈತನೂ 3 ರೂಪಾಯಿ ಇಳಿಸಿದರೆ? ಉಳಿತಾಯ 7ರಿಂದ 4ಕ್ಕೆ ಇಳಿಯುತ್ತದೆ. ಅದೇ 84,000 ತುಂಬಲು ದಿನಕ್ಕೆ 700 ಲೋಟ ಬೇಕಾಗುತ್ತದೆ. ಬೆಲೆ ಇಳಿದದ್ದು ನೂರಕ್ಕೆ ಹದಿನೈದು ಮಾತ್ರ. ಗಿರಾಕಿಗಳು ಹೆಚ್ಚಬೇಕಾದದ್ದು ನೂರಕ್ಕೆ ಎಪ್ಪತ್ತೈದು! ಅನೇಕ ಅಂಗಡಿಗಳು ಬಾಗಿಲು ಹಾಕುವ ಗುಟ್ಟು ಇಲ್ಲಿಯೇ ಇದೆ.

ತೆರಿಗೆಯನ್ನೂ ಮರೆಯುವಂತಿಲ್ಲ. ದಿನಕ್ಕೆ 400 ಲೋಟವೆಂದರೆ ವರ್ಷಕ್ಕೆ ಸುಮಾರು 29 ಲಕ್ಷ ರೂಪಾಯಿಯ ವಹಿವಾಟು. ಸೇವೆಗಳಿಗೆ 20 ಲಕ್ಷ ದಾಟಿದರೆ ಜಿ.ಎಸ್.ಟಿ. ನೋಂದಣಿ ಕಡ್ಡಾಯ. ಸಣ್ಣ ಹೋಟೆಲುಗಳಿಗಿರುವ ರಾಜಿ ತೆರಿಗೆ ಪದ್ಧತಿಯಲ್ಲಿ ವಹಿವಾಟಿನ ನೂರಕ್ಕೆ ಐದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡದೆ ತಾನೇ ಕಟ್ಟಬೇಕು. ಆಗ 7 ರೂಪಾಯಿ 6 ಆಗುತ್ತದೆ. 2025ರ ಜುಲೈನಲ್ಲಿ ಯು.ಪಿ.ಐ. ಮೂಲಕ ಬಂದ ಹಣದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದಾಗ ಎದ್ದ ಕಳವಳವನ್ನು ಓದುಗರು ಬಲ್ಲರು. ಮೊದಲ ದಿನದಿಂದಲೇ ಲೆಕ್ಕ ಬರೆದಿಡುವುದೊಂದೇ ಇದಕ್ಕೆ ಮದ್ದು.

ದೊಡ್ಡವರ ಬಲ, ದೊಡ್ಡವರ ಭಾರ

ಹಾಗಾದರೆ ಶಾಖಾ ಮಳಿಗೆಗಳಿಗೆ ಅಗ್ಗದಲ್ಲಿ ಮಾರುವುದು ಹೇಗೆ ಸಾಧ್ಯ? ಅವರು ಬೀಜವನ್ನು ಟನ್ನುಗಟ್ಟಲೆ ಕೊಂಡು ತಾವೇ ಹುರಿಯುತ್ತಾರೆ. ಒಂದು ಮಳಿಗೆಯ ನಷ್ಟವನ್ನು ಇನ್ನೊಂದರ ಲಾಭದಿಂದ ತುಂಬಿಕೊಳ್ಳುತ್ತಾರೆ. ಹೊಸ ಬಡಾವಣೆಯಲ್ಲಿ ವರ್ಷವೆರಡು ವರ್ಷ ನಷ್ಟದಲ್ಲಿ ನಡೆಸುವ ಬಲ ಅವರಿಗಿದೆ. ಒಡವೆ ಅಡವಿಟ್ಟವನಿಗೆ ಆ ಬಲವಿಲ್ಲ.

ಆದರೆ ದೊಡ್ಡದೆಲ್ಲವೂ ಗಟ್ಟಿಯೆಂದು ತಿಳಿಯಬೇಕಾಗಿಲ್ಲ. ಸ್ವಂತ ತೋಟಗಳಿದ್ದ ಕಾಫಿ ಡೇ ಸಮೂಹವೇ ಸಾಲದ ಹೊರೆಯಲ್ಲಿ ಸಿಲುಕಿತು. 2019ರ ಜುಲೈನಲ್ಲಿ ಅದರ ಸ್ಥಾಪಕ ವಿ. ಜಿ. ಸಿದ್ಧಾರ್ಥ ಅಗಲಿದರು, ಬೆನ್ನಿಗೇ ಕೋವಿಡ್ ಬಂದಿತು. 1,700ಕ್ಕೂ ಹೆಚ್ಚಿದ್ದ ಮಳಿಗೆಗಳು 2022ರ ವೇಳೆಗೆ 500ರೊಳಗೆ ಇಳಿದವು. ಶಾಖೆಗಳ ಸಂಖ್ಯೆಯೇ ಸಂಪತ್ತಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇನ್ನು ಕಚ್ಚಾ ಸಾಮಗ್ರಿಯ ಏರಿಳಿತ ಎಲ್ಲರಿಗೂ ಸಮಾನ. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಬೆಲೆ ಪೌಂಡಿಗೆ 4 ಡಾಲರ್ ದಾಟಿತು. ಅದೇ ವರ್ಷ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು. ಮಲೆನಾಡಿನ ಬೆಳೆಗಾರ ಬಂಧುಗಳಿಗೂ ಹಸು ಸಾಕಿದವರಿಗೂ ಇದು ನ್ಯಾಯವಾಗಿ ಸಲ್ಲಬೇಕಾದದ್ದೇ. ಆದರೆ ಲೋಟದ ಬೆಲೆಯಲ್ಲಿ ಒಂದು ರೂಪಾಯಿ ಏರಿಸಲು ಹೆದರುವ ಚಿಕ್ಕ ಅಂಗಡಿಯವನಿಗೆ ಅದೇ ಭಾರವಾಗುತ್ತದೆ.

ಉಳಿಯುವ ದಾರಿ

ಚಿಕ್ಕ ಅಂಗಡಿಯು ಬೆಲೆಯ ಕಾಳಗಕ್ಕೆ ಇಳಿಯಬಾರದೆಂಬುದೇ ಈ ಲೆಕ್ಕ ಕಲಿಸುವ ಪಾಠ. ಶಂಕರಪುರದ ಬ್ರಾಹ್ಮಿಣ್ಸ್ ಕಾಫಿ ಬಾರ್ 1965ರಿಂದ ನಡೆದುಬಂದಿದೆ. ಅಲ್ಲಿ ದೊರೆಯುವ ತಿಂಡಿಗಳನ್ನು ಬೆರಳಲ್ಲಿ ಎಣಿಸಬಹುದು. ಕೆಲವೇ ಪದಾರ್ಥ, ಪ್ರತಿದಿನವೂ ಒಂದೇ ರುಚಿ; ಹೀಗಿದ್ದರೆ ಸಾಮಗ್ರಿ ಹಾಳಾಗುವುದಿಲ್ಲ, ಕೆಲಸಗಾರರೂ ಕಡಿಮೆ ಸಾಕು.

ಎರಡನೆಯದು ಬಾಡಿಗೆ. ಹೆಸರಾಂತ ಇಂಡಿಯಾ ಕಾಫಿ ಹೌಸ್ ಕೂಡ ಕಟ್ಟಡದ ಒಡೆತನದ ತಕರಾರಿನಿಂದ 2009ರಲ್ಲಿ ಮಹಾತ್ಮ ಗಾಂಧಿ ರಸ್ತೆಯನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಆದುದರಿಂದ ಸ್ವಂತ ಮನೆಯ ಮುಂಭಾಗದ ಕೋಣೆಯಿದ್ದರೆ ಅದೇ ಲೇಸು. ಬಾಡಿಗೆಯಾದರೆ ಕರಾರು ಪತ್ರದಲ್ಲಿ ಅವಧಿಯನ್ನೂ ವರ್ಷವರ್ಷದ ಏರಿಕೆಯನ್ನೂ ಸ್ಪಷ್ಟವಾಗಿ ಬರೆಸಬೇಕು. ಅಂಗಡಿಯಲ್ಲಿಯೇ ಪುಡಿಯನ್ನೂ ಮಾರಿದರೆ ಹೆಚ್ಚಿನ ಜಾಗವಾಗಲೀ ಆಳಾಗಲೀ ಇಲ್ಲದೆ ಮತ್ತೊಂದು ಆದಾಯ ಬರುತ್ತದೆ. ಹೆಂಡತಿ ಮಕ್ಕಳ ದುಡಿಮೆಗೂ ಸಂಬಳದ ಲೆಕ್ಕ ಬರೆಯಬೇಕು. ಅದನ್ನು ಬರೆಯದೆ ತೋರಿಸಿದ ಲಾಭ ಲಾಭವೇ ಅಲ್ಲ.

ಕಾಫಿ ಅಂಗಡಿಯೂ ಒಂದು ಕಾಯಕವೇ. ಅದಕ್ಕಿಳಿಯಲು ನಮ್ಮ ತರುಣರು ಹಿಂಜರಿಯಬೇಕಾಗಿಲ್ಲ. ಆದರೆ ಮುಂಗಡ ಕೊಡುವ ಮೊದಲು ಮನೆಮಂದಿಯೆಲ್ಲ ಕುಳಿತು, ದಿನಕ್ಕೆ ಎಷ್ಟು ಲೋಟ ಎಂಬ ಒಂದು ಅಂಕೆಯನ್ನು ಕಾಗದದ ಮೇಲೆ ಬರೆದು ನೋಡಲಿ. ಆ ಬೀದಿಯಲ್ಲಿ ಅಷ್ಟು ಜನ ನಡೆಯುತ್ತಾರೆಯೇ ಎಂದು ಒಂದು ವಾರ ನಿಂತು ಎಣಿಸಲಿ. ಅನಂತರವೂ ಧೈರ್ಯ ಉಳಿದಿದ್ದರೆ ಒಲೆ ಹಚ್ಚಲಿ. ನೆರೆಹೊರೆಯ ನಾವು ಮೂರು ರೂಪಾಯಿಯ ಆಸೆಗೆ ಬೀದಿ ದಾಟದೆ, ಅವರ ಕಾಫಿ ರುಚಿಯಾಗಿದ್ದರೆ ಅಲ್ಲಿಯೇ ಕುಡಿಯೋಣ.