ಮಾತು ತಡವೋ, ಕಿವಿ ಮಂದವೋ? ಅಂಗನವಾಡಿ ವಯಸ್ಸಿನ ಮಕ್ಕಳಲ್ಲಿ ಮನೆಯವರು ಗಮನಿಸಬೇಕಾದ್ದು

ಚಿಕ್ಕಬಳ್ಳಾಪುರ: ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಎಷ್ಟನೇ ಜ್ವರದಲ್ಲಿದೆ, ಯಾವತ್ತು ಎದ್ದಿತು, ಸೊಪ್ಪು ಹೇಗೆ ತಿನ್ನುತ್ತಿದೆ ಎಂಬುದು ಮನೆಮಂದಿಗೆಲ್ಲ ಬಾಯಿಪಾಠ. ಒಂದು ತಟ್ಟೆಯ ಹುಳು ಮಂಕಾದರೂ ಅದೇ ದಿನ ಗೊತ್ತಾಗುತ್ತೆ. ಮನೆಯ ಮೂರು ವರ್ಷದ ಮಗು ಹಿಂದಿನಿಂದ ಕರೆದರೆ ತಿರುಗುತ್ತಾ, ಎರಡು ಮೂರು ಪದ ಕೂಡಿಸಿ ಮಾತಾಡುತ್ತಾ ಅಂತ ಕೇಳಿದರೆ ಮಾತ್ರ ಉತ್ತರ ತಡವಾಗಿ ಬರುತ್ತದೆ. ಅಕ್ಕರೆ ಇಲ್ಲ ಅಂತಲ್ಲ. ಏನನ್ನು ನೋಡಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೆ.

ಮೂರರಿಂದ ಆರು ವರ್ಷದ ಮಕ್ಕಳನ್ನು ನೋಡಿಕೊಳ್ಳುವ ಅಂಗನವಾಡಿ ವ್ಯವಸ್ಥೆ ಕರ್ನಾಟಕಕ್ಕೆ ಬಂದದ್ದು 1975ರ ಅಕ್ಟೋಬರ್ 2ರಂದು, ಮೈಸೂರು ಜಿಲ್ಲೆಯ ತಿ.ನರಸೀಪುರದಲ್ಲಿ. ಅಂದಿನಿಂದಲೂ ಮಗುವಿನ ತೂಕ ನೋಡುವುದು ಅಲ್ಲಿನ ಮುಖ್ಯ ಕೆಲಸಗಳಲ್ಲಿ ಒಂದು. ಈಗ ತೂಕ, ಎತ್ತರ ಪೋಷಣ್ ಟ್ರ್ಯಾಕರ್ ಆ್ಯಪ್‌ಗೂ ಹೋಗುತ್ತದೆ. ಆದರೆ ಮಾತು, ಆಟ, ಸಿಟ್ಟು, ಸ್ನೇಹ ಇವು ತಕ್ಕಡಿಗೆ ಸಿಗುವಂಥವಲ್ಲ. ಅವನ್ನು ದಿನಾ ನೋಡುವವರೇ ಹೇಳಬೇಕು. ಅಂದ್ರೆ ಅಪ್ಪ, ಅಮ್ಮ, ಅಜ್ಜಿ, ಅಂಗನವಾಡಿ ಟೀಚರ್. ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಪಕ್ಕ ಮಗುವನ್ನು ಕೂರಿಸಿಕೊಂಡು ವ್ಯಾಪಾರ ಮಾಡುವವರಂತೂ ಇಡೀ ದಿನ ನೋಡುತ್ತಿರುತ್ತಾರೆ.

ತೂಕದಲ್ಲಿ ನೋಡಬೇಕಾದ್ದು ಗೆರೆ

ತಾಯಿ ಕಾರ್ಡಿನಲ್ಲಿ ಹಸಿರು, ಹಳದಿ, ಕಿತ್ತಳೆ ಬಣ್ಣದ ಪಟ್ಟಿ ಇರುತ್ತದೆ. ಬಹಳ ಜನ ಮಗು ಯಾವ ಬಣ್ಣದಲ್ಲಿದೆ ಅಂತ ನೋಡಿ ಕಾರ್ಡ್ ಮಡಚಿಡುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ತಿಂಗಳಿಂದ ತಿಂಗಳಿಗೆ ಗೆರೆ ಮೇಲಕ್ಕೆ ಹೋಗುತ್ತಿದೆಯಾ ಅನ್ನುವುದು. ಹಸಿರಿನಲ್ಲೇ ಇದ್ದರೂ ಎರಡು ಮೂರು ತಿಂಗಳು ಗೆರೆ ಚಪ್ಪಟೆಯಾಗಿದ್ದರೆ ಏನೋ ಆಗಿದೆ ಅಂತಲೇ ಅರ್ಥ. ಪದೇ ಪದೇ ಭೇದಿ, ಜಂತುಹುಳು, ಊಟ ಸಾಲದಿರುವುದು, ಯಾವುದೂ ಇರಬಹುದು. ‘ಅವರಪ್ಪನ ಥರ ಸಣ್ಣ ಮೈ’ ಅನ್ನುವ ಮಾತು ಕೆಲವು ಸಲ ನಿಜ. ಆದರೆ ಸಣ್ಣ ಮೈಯ ಮಗುವಿನ ಗೆರೆಯೂ ಏರುತ್ತಲೇ ಇರುತ್ತದೆ.

ಅಂಗನವಾಡಿಯಲ್ಲಿ ತೋಳಿಗೆ ಸುತ್ತಿ ಅಳೆಯುವ ಪಟ್ಟಿ ಇನ್ನೊಂದು ಸುಲಭದ ಗುರುತು. ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 12.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಎಚ್ಚರ, 11.5ಕ್ಕಿಂತ ಕಡಿಮೆ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕೈಕಾಲಿನ ಬೆಳವಣಿಗೆಗೆ ಬೇರೆ ಪರೀಕ್ಷೆ ಬೇಡ, ಬೀದಿಯ ಆಟ ಸಾಕು. ಮೂರು ವರ್ಷದ ಆಸುಪಾಸಿನಲ್ಲಿ ಮೆಟ್ಟಿಲನ್ನು ಒಂದೊಂದು ಕಾಲಿಟ್ಟು ಹತ್ತುವುದು, ಎರಡೂ ಕಾಲೆತ್ತಿ ನೆಗೆಯುವುದು ಬರುತ್ತದೆ. ನಾಲ್ಕು ದಾಟುತ್ತಿದ್ದಂತೆ ಒಂಟಿಕಾಲಲ್ಲಿ ಕುಂಟಲು ಶುರು. ಕುಂಟೆಬಿಲ್ಲೆ ಆಡುವ ಅಕ್ಕಂದಿರ ಹಿಂದೆ ತಪ್ಪುತಪ್ಪಾಗಿ ಕುಂಟುವ ಪುಟ್ಟ ಮಗುವನ್ನು ಒಂದೈದು ನಿಮಿಷ ನೋಡಿದರೆ ಕಾಲಿನ ಬಲ, ತೂಕ ಹಿಡಿಯುವ ಶಕ್ತಿ, ಸರದಿ ಕಾಯುವ ತಾಳ್ಮೆ ಮೂರೂ ಕಾಣುತ್ತವೆ. ಸಮ ನೆಲದಲ್ಲೂ ಪದೇ ಪದೇ ಬೀಳುವ ಮಗು, ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆ ಕೈಯೂರಿ ಹತ್ತಿದಂತೆ ಏಳುವ ಮಗು, ಒಂದೇ ಕೈ ಬಳಸಿ ಇನ್ನೊಂದನ್ನು ಸುಮ್ಮನೆ ಬಿಡುವ ಮಗು, ಈ ಮೂವರನ್ನು ‘ಸರಿಹೋಗುತ್ತೆ’ ಅಂತ ಬಿಡಬಾರದು.

ತೆಲುಗು ಮನೆ, ಕನ್ನಡ ಅಂಗನವಾಡಿ

ಈ ಜಿಲ್ಲೆಯಲ್ಲಿ ಅತಿ ಹೆಚ್ಚು ಗೊಂದಲ ಆಗುವುದು ಮಾತಿನ ವಿಷಯದಲ್ಲಿ. ಬಾಗೇಪಲ್ಲಿ, ಗೌರಿಬಿದನೂರು, ಚಿಂತಾಮಣಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಶಿಡ್ಲಘಟ್ಟ, ಚಿಂತಾಮಣಿ ಪಟ್ಟಣದ ಹಲವು ಬೀದಿಗಳಲ್ಲಿ ಉರ್ದು. ಅಂಗನವಾಡಿಯಲ್ಲಿ ಕನ್ನಡ, ದುಡ್ಡು ಕಟ್ಟಿ ಸೇರಿಸಿದ ಎಲ್‌ಕೆಜಿಯಲ್ಲಿ ಇಂಗ್ಲಿಷು. ಹೀಗೆ ಹೊಸ ಭಾಷೆಯ ನಡುವೆ ಕೂತ ಮಗು ಮೊದಲ ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಬಾಯೇ ಬಿಡದೆ ಇರಬಹುದು. ಅದು ದಡ್ಡತನವಲ್ಲ, ಕೇಳಿಸಿಕೊಳ್ಳುತ್ತಿದೆ ಅಷ್ಟೆ. ಅದೇ ಮಗು ಸಂಜೆ ಮನೆಗೆ ಬಂದು ಅಜ್ಜಿ ಹತ್ತಿರ ತೆಲುಗಿನಲ್ಲಿ ಚಟಪಟ ಅಂತ ಕಥೆ ಹೇಳುತ್ತಿದ್ದರೆ ಚಿಂತೆ ಬೇಡ.

ಹಾಗಾಗಿ ಮಗುವಿಗೆ ಎಷ್ಟು ಮಾತು ಬರುತ್ತೆ ಅಂತ ಲೆಕ್ಕ ಹಾಕುವಾಗ ಎಲ್ಲ ಭಾಷೆಯ ಪದಗಳನ್ನೂ ಕೂಡಿಸಬೇಕು. ತೆಲುಗಿನಲ್ಲಿ ನೀಳ್ಳು, ಕನ್ನಡದಲ್ಲಿ ನಾಯಿ, ಉರ್ದುವಿನಲ್ಲಿ ರೋಟಿ ಅಂದರೆ ಅದು ಮೂರು ಪದವೇ. ‘ಮನೆಯಲ್ಲಿ ತೆಲುಗು ಬಿಡಿ, ಇಲ್ಲದಿದ್ರೆ ಮಗುವಿಗೆ ಮಾತು ಬರಲ್ಲ’ ಅನ್ನುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಅದಕ್ಕೆ ಆಧಾರವಿಲ್ಲ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ತೊಂದರೆ ಬರುವುದಿಲ್ಲ. ಮನೆಯವರಿಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಗುವಿನ ಜೊತೆ ಹೆಚ್ಚು ಮಾತಾಡುವುದು ಒಳ್ಳೆಯದು.

ಚಿಂತೆ ಮಾಡಬೇಕಾದ್ದು ಯಾವ ಭಾಷೆಯಲ್ಲೂ ಮಾತು ಬಾರದಿದ್ದಾಗ. ಎರಡು ವರ್ಷಕ್ಕೆ ಎರಡು ಪದ ಜೋಡಿಸುವುದು, ಮೂರಕ್ಕೆ ಚಿಕ್ಕ ಚಿಕ್ಕ ವಾಕ್ಯ, ನಾಲ್ಕರ ಹೊತ್ತಿಗೆ ಹೊರಗಿನವರಿಗೂ ಬಹುಪಾಲು ಅರ್ಥವಾಗುವ ಮಾತು ಇದು ಸಾಮಾನ್ಯ ದಾರಿ. ಒಂದೆರಡು ತಿಂಗಳು ಹಿಂದೆ ಮುಂದೆ ಆಗುವುದು ಸಹಜ. ಮೂರು ತುಂಬಿಯೂ ಬರೀ ಬೆರಳು ತೋರಿಸಿ ಕೇಳುವ ಮಗುವಿಗೆ ಮೊದಲು ಮಾಡಿಸಬೇಕಾದ್ದು ಕಿವಿ ಪರೀಕ್ಷೆ.

ಇಲ್ಲಿ ಮನೆಯವರು ಮೋಸಹೋಗುವುದು ಸುಲಭ. ‘ಕಿವಿ ಚೆನ್ನಾಗಿ ಕೇಳುತ್ತೆ, ಬಾಗಿಲು ಬಡಿದರೆ ತಿರುಗುತ್ತಾನೆ’ ಅನ್ನುತ್ತಾರೆ. ಜೋರು ಸದ್ದು ಕೇಳಿದರೂ ಮಾತಿನ ಸಣ್ಣ ಸದ್ದುಗಳು ಕೇಳದೆ ಇರುವ ಮಕ್ಕಳಿದ್ದಾರೆ. ಪದೇ ಪದೇ ನೆಗಡಿ ಆಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ನೀರು ಕಟ್ಟಿ, ಒಂದು ವಾರ ಚೆನ್ನಾಗಿ ಕೇಳಿ ಇನ್ನೊಂದು ವಾರ ಮಂದವಾಗುವುದೂ ಉಂಟು. ಅಂಥ ಮಗುವನ್ನು ‘ಹೇಳಿದ ಮಾತು ಕೇಳಲ್ಲ, ಹಠಮಾರಿ’ ಅಂತ ಬೈಯುವುದು ಹೆಚ್ಚು. ಬರೀ ತುಟಿ ನೋಡಿಯೇ ಉತ್ತರ ಕೊಡುತ್ತಿದೆಯಾ, ಟಿವಿ ಸದ್ದು ಜಾಸ್ತಿ ಮಾಡು ಅನ್ನುತ್ತಾ, ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದರೆ ತಿರುಗುತ್ತಾ ಎಂಬುದನ್ನು ಎರಡು ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ನೋಡಬೇಕು.

‘ಅವರಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು’ ಅಂತ ಕಾಯುವುದರಲ್ಲಿ ನಷ್ಟ ದೊಡ್ಡದು. ಭಾಷೆ ಕಲಿಯಲು ಮಿದುಳು ಹೆಚ್ಚು ಸಿದ್ಧವಿರುವುದು ಮೊದಲ ಕೆಲವು ವರ್ಷಗಳಲ್ಲೇ. ಹುಟ್ಟು ಕಿವುಡಿರುವ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕುವ ರಾಜ್ಯ ಸರ್ಕಾರದ ಶ್ರವಣ ಸಂಜೀವಿನಿ ಯೋಜನೆಯೂ 6 ವರ್ಷದೊಳಗಿನವರಿಗೆ. ಒಂದನೇ ಕ್ಲಾಸಿಗೆ ಸೇರಿಸುವಾಗ ಗೊತ್ತಾದರೆ ಆ ಬಾಗಿಲು ಮುಚ್ಚಿರುತ್ತದೆ.

ಬುದ್ಧಿ ಕಾಣುವುದು ಅಂಗಡಿ ಆಟದಲ್ಲಿ

ಒಂದರಿಂದ ಇಪ್ಪತ್ತು ಹೇಳಿಸಿ ಮಗು ಜಾಣ ಅಂತ ಸಂತೋಷಪಡುವವರು ಒಂದು ಸಣ್ಣ ಪ್ರಯೋಗ ಮಾಡಬಹುದು. ಹುಣಸೆ ಬೀಜದ ಗುಡ್ಡೆ ಮುಂದಿಟ್ಟು ‘ನಾಲ್ಕು ಕೊಡು’ ಅನ್ನಿ. ಇಪ್ಪತ್ತರವರೆಗೆ ಗಡಗಡ ಹೇಳುವ ಮೂರು ವರ್ಷದ ಮಗು ಕೈತುಂಬ ಬಾಚಿ ಕೊಡುತ್ತದೆ. ಎಣಿಕೆ ಬಾಯಿಗೆ ಬರುವುದು ಬೇರೆ, ಎಣಿಕೆ ಅರ್ಥವಾಗುವುದು ಬೇರೆ. ಎರಡನೆಯದು ಬರಲು ಸಾಮಾನ್ಯವಾಗಿ ಇನ್ನೂ ಸ್ವಲ್ಪ ಕಾಲ ಬೇಕು. ಕಿರಾಣಿ ಅಂಗಡಿಯವರು ನೋಡಿರುತ್ತಾರೆ, ಒಂದು ಐದು ರೂಪಾಯಿ ನಾಣ್ಯಕ್ಕಿಂತ ಮೂರು ಒಂದು ರೂಪಾಯಿ ನಾಣ್ಯವೇ ಪುಟಾಣಿ ಗಿರಾಕಿಗೆ ಹೆಚ್ಚು. ಅದು ಆ ವಯಸ್ಸಿನ ತರ್ಕ, ಪೆದ್ದುತನ ಅಲ್ಲ.

ಎಲೆಯನ್ನು ದುಡ್ಡು ಮಾಡಿಕೊಂಡು, ಮಣ್ಣನ್ನು ಸಕ್ಕರೆ ಮಾಡಿಕೊಂಡು ವ್ಯಾಪಾರ ಆಡುವುದು ದೊಡ್ಡ ಹೆಜ್ಜೆ. ಒಂದರ ಬದಲು ಇನ್ನೊಂದನ್ನು ಭಾವಿಸಿಕೊಳ್ಳುವ ಈ ಶಕ್ತಿಯೇ ಮುಂದೆ ಅಕ್ಷರ, ಅಂಕಿ ಕಲಿಯಲು ಬೇಕಾಗುವುದು. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ವಯಸ್ಸಿನ ಮಕ್ಕಳಿಗೆ ಪರೀಕ್ಷೆ ಸಲ್ಲದು, ಗಮನಿಸಿ ಬರೆದಿಡುವುದೇ ಸರಿಯಾದ ಕ್ರಮ ಎಂದಿದೆ. ಎಲ್‌ಕೆಜಿ ಮಾರ್ಕ್ಸ್ ಕಾರ್ಡನ್ನು ಗೋಡೆಗೆ ಅಂಟಿಸುವವರು ಇದನ್ನು ನೆನಪಿಟ್ಟರೆ ಸಾಕು.

ಅಂಗಡಿಯಲ್ಲಿ ಮಗು ತೊಂದರೆ ಕೊಡಬಾರದು ಅಂತ ಮೊಬೈಲ್ ಕೊಟ್ಟು ಕೂರಿಸುವುದು ಈಗ ಮಾಮೂಲಿ. ಬೆಳಗಿಂದ ರಾತ್ರಿವರೆಗೆ ಶಟರ್ ತೆಗೆದಿರುವವರ ಕಷ್ಟವೂ ನಿಜ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಮಿತಿ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಮೂರು ನಾಲ್ಕು ವರ್ಷದವರು ದಿನಕ್ಕೆ ಮೂರು ಗಂಟೆಯಾದರೂ ಓಡಾಡಿ ಆಡಬೇಕು ಅಂತಲೂ ಅದು ಹೇಳುತ್ತದೆ. ಮೊಬೈಲಿನ ಬದಲು ಖಾಲಿ ಡಬ್ಬ, ಹಳೇ ತೂಕದ ಬಟ್ಟು, ಬೇಡದ ಬಿಲ್ ಬುಕ್ ಕೊಟ್ಟರೆ ಅಲ್ಲೇ ಆಟ ಶುರುವಾಗುತ್ತೆ. ನೋಡುವವರಿಗೆ ಮಗುವಿನ ಬುದ್ಧಿಯೂ ಕಾಣುತ್ತೆ.

ಅಳು, ಹಠ, ಸ್ನೇಹದ ವಿಷಯದಲ್ಲಿ ದೊಡ್ಡವರ ನಿರೀಕ್ಷೆಯೇ ಹೆಚ್ಚು. ಮೂರು ವರ್ಷದ ಇಬ್ಬರು ಅಕ್ಕಪಕ್ಕ ಕೂತು ಬೇರೆ ಬೇರೆ ಆಡುವುದು, ಗೊಂಬೆಗೆ ಕಿತ್ತಾಡುವುದು ಸರಿಯೇ. ಸರದಿ, ಹಂಚಿಕೆ ನಾಲ್ಕರ ನಂತರ ನಿಧಾನ ಬರುತ್ತವೆ. ಆದರೆ ಹೆಸರು ಕರೆದರೂ ಮುಖ ನೋಡದ, ತಾನು ಕಂಡದ್ದನ್ನು ಬೆರಳು ಮಾಡಿ ಯಾರಿಗೂ ತೋರಿಸದ, ಬೇರೆ ಮಕ್ಕಳು ಇದ್ದಾರೆಂಬ ಪರಿವೆಯೇ ಇಲ್ಲದೆ ಚಕ್ರವನ್ನೇ ತಿರುಗಿಸುತ್ತ ಕೂರುವ ಮಗುವನ್ನು ತೋರಿಸಬೇಕು. ಬರುತ್ತಿದ್ದ ಮಾತು, ಬರುತ್ತಿದ್ದ ಆಟ ಹಿಂದಕ್ಕೆ ಹೋದರೆ ಯಾವ ವಯಸ್ಸಾದರೂ ಒಂದು ವಾರವೂ ಕಾಯಬಾರದು.

ತೀರ್ಪಲ್ಲ, ನಡೆದದ್ದನ್ನು ಬರೆಯಿರಿ

‘ತುಂಬಾ ಹಠ’, ‘ಮಂಕು’, ‘ಚೂಟಿ’ ಅನ್ನುವ ಪದಗಳಿಂದ ಡಾಕ್ಟರಿಗಾಗಲಿ ಟೀಚರಿಗಾಗಲಿ ಏನೂ ತಿಳಿಯಲ್ಲ. ‘ಸೋಮವಾರ ಬೆಳಿಗ್ಗೆ ಚೆಂಡು ಕಿತ್ತುಕೊಂಡಾಗ ಹತ್ತು ನಿಮಿಷ ಅತ್ತ, ಎತ್ತಿಕೊಂಡ ಮೇಲೂ ನಿಲ್ಲಿಸಲಿಲ್ಲ, ಈ ವಾರ ಇದು ಮೂರನೇ ಸಲ’ ಅಂತ ಬರೆದರೆ ತಿಳಿಯುತ್ತೆ. ಸಾಲದ ಲೆಕ್ಕ ಬರೆಯುವ ಪುಸ್ತಕದ ಕೊನೇ ಪುಟ ಸಾಕು. ತಾರೀಖು ಹಾಕಿ, ವಯಸ್ಸನ್ನು ತಿಂಗಳ ಸಮೇತ ಬರೆಯಬೇಕು. ಮೂರು ವರ್ಷ ಒಂದು ತಿಂಗಳಿಗೂ ಮೂರು ವರ್ಷ ಹನ್ನೊಂದು ತಿಂಗಳಿಗೂ ಬಹಳ ವ್ಯತ್ಯಾಸ.

ತೋರಿಸಲು ಮೊದಲು ಬೆಂಗಳೂರಿಗೇ ಓಡಬೇಕಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ನೋಡಬೇಕು ಎಂಬುದು ನಿಯಮ. ಹುಟ್ಟಿನಿಂದ ಬಂದ ದೋಷ, ಪೋಷಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಈ ನಾಲ್ಕನ್ನೂ ಅವರು ನೋಡುತ್ತಾರೆ. ಅಗತ್ಯವಿದ್ದವರನ್ನು ತಾಲ್ಲೂಕು, ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಮುಂದಕ್ಕೆ ಕಳಿಸುತ್ತಾರೆ. ಹಾಗೆ ಕಳಿಸಿದವರಿಗೆ ಚಿಕಿತ್ಸೆ ಉಚಿತ. ತಂಡ ಯಾವಾಗ ಬರುತ್ತೆ ಅಂತ ಅಂಗನವಾಡಿ ಟೀಚರನ್ನು ಕೇಳಿದರೆ ಗೊತ್ತಾಗುತ್ತದೆ. ಖಾಸಗಿ ಎಲ್‌ಕೆಜಿಗೆ ಹೋಗುವ ಮಗುವಿನ ಬಗ್ಗೆ ಅನುಮಾನ ಇದ್ದರೆ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರನ್ನು ನೇರವಾಗಿ ಕಾಣಬಹುದು.

ತಂಡದವರಿಗೆ ಒಂದು ಮಗುವಿನ ಹತ್ತಿರ ಸಿಗುವುದು ಕೆಲವೇ ನಿಮಿಷ. ಅಪರಿಚಿತರನ್ನು ಕಂಡ ಮಗು ಅಮ್ಮನ ಸೆರಗಿನ ಹಿಂದೆ ಸೇರಿಬಿಡುತ್ತದೆ. ಅದಕ್ಕೇ ಹೋಗುವಾಗ ತಾಯಿ ಕಾರ್ಡ್, ಬರೆದಿಟ್ಟ ಹಾಳೆ, ಜೊತೆಗೆ ಮಗು ಮನೆಯಲ್ಲಿ ತನ್ನ ಪಾಡಿಗೆ ಆಡುತ್ತ ಮಾತಾಡುವ ಒಂದೆರಡು ನಿಮಿಷದ ಮೊಬೈಲ್ ವಿಡಿಯೊ ಇಟ್ಟುಕೊಂಡಿರಬೇಕು. ಮಾತು ತೆಲುಗೋ ಉರ್ದುವೋ ಆಗಿದ್ದರೆ ಅದು ಅರ್ಥವಾಗುವವರೊಬ್ಬರು ಜೊತೆಗಿದ್ದು, ಮಗು ಏನಂದಿತು ಅಂತ ಡಾಕ್ಟರಿಗೆ ಹೇಳಿದರೆ ಕೆಲಸ ಸಲೀಸು.