ಬಿದ್ದು ಎದ್ದ ಗುಮ್ಮಟದ ಕೆಳಗೆ ಒಂದು ದಿನ

ನಾವು ಆರು ಜನ ಇಸ್ತಾಂಬುಲ್‌ಗೆ ಹೋಗಿದ್ದು ಊರು ನೋಡಲಿಕ್ಕಲ್ಲ, ವಿದ್ಯಾರ್ಥಿಗಳ ಸೇತುವೆ ಮಾದರಿ ಸ್ಪರ್ಧೆಗೆ. ನಾಲ್ಕು ತಿಂಗಳು ನಿದ್ದೆಗೆಟ್ಟು ಕಟ್ಟಿದ್ದ ಮಾದರಿ ಲೋಡ್ ಟೆಸ್ಟ್‌ನಲ್ಲಿ ನಾವು ಲೆಕ್ಕ ಹಾಕಿದ್ದರ ಅರ್ಧ ಭಾರಕ್ಕೇ ಮುರಿದುಬಿತ್ತು. ಮರುದಿನ ರಾತ್ರಿ ವಿಮಾನ, ಅಲ್ಲೀವರೆಗೆ ಬಿಡುವು. ರೂಮಲ್ಲಿ ಮುಖ ಸಪ್ಪಗೆ ಮಾಡ್ಕೊಂಡು ಕೂರೋ ಬದಲು ಊರಾದ್ರೂ ನೋಡೋಣ ಅಂತ ಬೆಳಿಗ್ಗೆಯೇ ಟ್ರಾಮ್ ಹತ್ತಿ ಸುಲ್ತಾನಹ್ಮೆತ್‌ನಲ್ಲಿ ಇಳಿದ್ವಿ.

ಮೊದಲು ಆಯಾ ಸೋಫಿಯಾ. ಚಕ್ರವರ್ತಿ ಜಸ್ಟಿನಿಯನ್ 532ರಿಂದ 537ರೊಳಗೆ ಕಟ್ಟಿಸಿದ ಚರ್ಚು ಇದು. 1453ರಲ್ಲಿ ಮಸೀದಿಯಾಯಿತು, 1935ರಲ್ಲಿ ಮ್ಯೂಸಿಯಂ, 2020ರಿಂದ ಮತ್ತೆ ಮಸೀದಿ. ವಿದೇಶಿ ಪ್ರವಾಸಿಗರಿಗೆ ಟಿಕೆಟ್ ಇದೆ, ಪ್ರವೇಶ ಮೇಲಿನ ಗ್ಯಾಲರಿಗೆ ಮಾತ್ರ. ಹೆಣ್ಣುಮಕ್ಕಳು ತಲೆಗೆ ಬಟ್ಟೆ ಹಾಕ್ಕೋಬೇಕು. ಶುಕ್ರವಾರ ಮಧ್ಯಾಹ್ನ ನಮಾಜ್ ಹೊತ್ತಿಗೆ ಹೋದ್ರೆ ಹೊರಗೇ ಕಾಯಬೇಕಾಗುತ್ತೆ.

ತಲೆಯೆತ್ತಿದರೆ ಸುಮಾರು 31 ಮೀಟರ್ ಅಗಲದ ಗುಮ್ಮಟ, ಅದರ ಬುಡದಲ್ಲಿ ಸಾಲಾಗಿ 40 ಕಿಟಕಿಗಳು. ಚೌಕದ ಮೇಲೆ ಗುಂಡನೆಯ ಗುಮ್ಮಟ ಕೂರಿಸೋದು ಹೇಗೆ? ನಾಲ್ಕು ಮೂಲೆಗಳಲ್ಲೂ ತ್ರಿಕೋನಾಕಾರದ ಬಾಗಿದ ಗೋಡೆಗಳಿವೆ. ಇವನ್ನೇ ಪೆಂಡೆಂಟಿವ್ ಅನ್ನೋದು. ಗುಮ್ಮಟದ ಭಾರವನ್ನು ಕಂಬಗಳಿಗೆ ಇಳಿಸೋದು ಇವೇ. ನಮ್ಮ ವಿಜಯಪುರದ ಗೋಲ ಗುಮ್ಮಟದಲ್ಲಿ ಇದೇ ಸಮಸ್ಯೆಗೆ ಒಂದನ್ನೊಂದು ಅಡ್ಡಹಾಯುವ ಕಮಾನುಗಳು ಉತ್ತರ.

ಅಷ್ಟರಲ್ಲಿ ನಮ್ಮಲ್ಲೊಬ್ಬಳು, "ಮೊದಲು ಕಟ್ಟಿದ ಗುಮ್ಮಟ ಬಿದ್ದುಹೋಗಿತ್ತು, ಗೊತ್ತಾ?" ಅಂದಳು. ಎಲ್ಲರೂ ಅವಳ ಕಡೆ ತಿರುಗಿದ್ವಿ. ನಿಜವೇ. ಭೂಕಂಪಗಳಿಂದ ಜರ್ಜರಿತವಾಗಿದ್ದ ಗುಮ್ಮಟ 558ರಲ್ಲಿ ಕುಸಿಯಿತು. ಅದು ತೀರಾ ಚಪ್ಪಟೆಯಾಗಿತ್ತು. ಎರಡು ಇಸ್ಪೀಟ್ ಎಲೆಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ ನೋಡಿ: ಇಳಿಜಾರು ಕಮ್ಮಿಯಾದಷ್ಟೂ ಬುಡ ಹೊರಗೆ ಜಾರುತ್ತೆ. ಗುಮ್ಮಟವೂ ಹಾಗೇ ಗೋಡೆಗಳನ್ನು ಹೊರಕ್ಕೆ ತಳ್ಳುತ್ತಿತ್ತು. ಮೂಲ ಶಿಲ್ಪಿಗಳಲ್ಲೊಬ್ಬನಾದ ಇಸಿಡೋರ್‌ನ ಒಡಹುಟ್ಟಿದವರೊಬ್ಬರ ಮಗ, ಹೆಸರೂ ಇಸಿಡೋರ್, ಸುಮಾರು 6 ಮೀಟರ್ ಎತ್ತರಿಸಿ ಹೊಸ ಗುಮ್ಮಟ ಕಟ್ಟಿದ. 989ರಲ್ಲಿ ಒಂದು ಭಾಗ ಬಿತ್ತು, 1346ರಲ್ಲಿ ಇನ್ನೊಂದು. ಪ್ರತಿಸಲವೂ ಯಾರೋ ಬಂದು ರಿಪೇರಿ ಮಾಡಿದರು. 16ನೇ ಶತಮಾನದಲ್ಲಿ ಆಟೊಮನ್ ಶಿಲ್ಪಿ ಸಿನಾನ್ ಹೊರಗಿನಿಂದ ಆಸರೆ ಗೋಡೆಗಳನ್ನು ಕೊಟ್ಟ.

ಅಲ್ಲೇ ರಸ್ತೆ ದಾಟಿದರೆ ಬೆಸಿಲಿಕಾ ಸಿಸ್ಟರ್ನ್, ನೆಲದಡಿಯ ನೀರಿನ ತೊಟ್ಟಿ. 336 ಕಂಬಗಳು, ಹೆಚ್ಚಿನವು ಹಳೇ ಕಟ್ಟಡಗಳಿಂದ ತಂದವು. ಮೂಲೆಯಲ್ಲಿ ಎರಡು ಮೆಡುಸಾ ತಲೆಗಳು ಕಂಬಗಳಿಗೆ ಪೀಠವಾಗಿವೆ: ಒಂದು ತಲೆಕೆಳಗು, ಇನ್ನೊಂದು ಮಗ್ಗುಲಾಗಿ. ಸಿಕ್ಕ ಕಲ್ಲನ್ನು ಬೇಕಾದಂತೆ ಬಳಸಿಕೊಂಡಿದ್ದಾರೆ ಅಷ್ಟೇ!

ಸಂಜೆ ಗುಡ್ಡ ಹತ್ತಿ ಸುಲೇಮಾನಿಯೆ ಮಸೀದಿಗೆ ಹೋದ್ವಿ. ಸಿನಾನ್ 1557ರಲ್ಲಿ ಮುಗಿಸಿದ್ದು. ಆಯಾ ಸೋಫಿಯಾದ ಹಾಗೇ ಹಿಂದೆ ಮುಂದೆ ಅರ್ಧಗುಮ್ಮಟಗಳ ಆಸರೆ. ಸಾವಿರ ವರ್ಷ ಹಿಂದಿನವರ ಕಟ್ಟಡದಿಂದ ಅವನು ಪಾಠ ಕಲಿತಿದ್ದ. ಆವರಣದಾಚೆ ಒಂದು ಮೂಲೆಯಲ್ಲಿ ಅವನದೇ ಪುಟ್ಟ ಗೋರಿ ಇದೆ.

ಮುರಿದ ಮಾದರಿಯನ್ನು ಹೋಟೆಲ್‌ನಲ್ಲೇ ಬಿಟ್ಟು ಬರೋದು ಅಂತ ಹಿಂದಿನ ರಾತ್ರಿ ತೀರ್ಮಾನ ಆಗಿತ್ತು. ವಾಪಸ್ ಬಂದವರು ಅದನ್ನು ಹಾಸಿಗೆ ಮೇಲೆ ಹರಡಿ, ಯಾವ ಜಾಯಿಂಟ್ ಮೊದಲು ಬಿಟ್ಟಿತು ಅಂತ ಹುಡುಕೋಕೆ ಕೂತ್ವಿ. ಸಿಕ್ತು. ಆ ತುಂಡು ಈಗ ನಮ್ಮ ಲ್ಯಾಬ್‌ನ ಮೇಜಿನ ಮೇಲಿದೆ. ಮುಂದಿನ ವರ್ಷದ ತಂಡದವರು ಬಂದು ನೋಡಿ.